ಒರೆಸದ ಸಾಲು

ಗಣಿತದ ಅಧ್ಯಾಪಕಿಗೆ ಹುಡುಗಿಯರು ಇಟ್ಟ ಹೆಸರು ಕಿಟಕಿ ಮೇಡಂ. ಹಲಗೆಯ ಮೇಲೆ ಒಂದು ಪ್ರಶ್ನೆ ಬರೆದು, ಸೀಮೆಸುಣ್ಣವನ್ನು ಮೇಜಿನ ತುದಿಗಿಟ್ಟು, ಕಿಟಕಿಯ ಹತ್ತಿರ ಹೋಗಿ ತರಗತಿಗೆ ಬೆನ್ನು ಮಾಡಿ ನಿಂತುಬಿಡುವುದು ಆಕೆಯ ಪಾಠದ ಕ್ರಮ. ಯಾರ ಹೆಸರನ್ನೂ ಕರೆಯುವುದಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ. ಉತ್ತರದ ಒಂದು ಎಳೆ ಸಿಕ್ಕವಳು ತಾನಾಗಿ ಎದ್ದು ಬಂದು ಬರೆಯಬೇಕು. ಪೂರ್ತಿ ಬರೆಯಬೇಕೆಂದಿಲ್ಲ, ಸಿಕ್ಕಷ್ಟು ಬರೆದು ಸೀಮೆಸುಣ್ಣ ಇಟ್ಟು ಹೋದರೆ ಮುಂದಿನವಳು ಅಲ್ಲಿಂದ ಎತ್ತಿಕೊಳ್ಳುತ್ತಾಳೆ.

ಹೊಸದಾಗಿ ಸೇರಿದವರು ಮೊದಮೊದಲು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕೆನ್ನುತ್ತಿದ್ದರು. ಆಮೇಲೆ ಬೆವರುತ್ತಿದ್ದರು. ಆಮೇಲೆ, ಬೇರೆ ದಾರಿಯಿಲ್ಲದೆ, ಯೋಚನೆ ಮಾಡುತ್ತಿದ್ದರು. ಬೆನ್ನ ಹಿಂದೆ ಆ ಮೌನ ಹದಕ್ಕೆ ಬರುವುದು ಆಕೆಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು. ಮೊದಲು ಕಾಲು ಸರಿಸುವ ಸದ್ದು, ಕೆಮ್ಮು, ಪೆನ್ನಿನ ಟಕಟಕ. ನಿಧಾನವಾಗಿ ಅದೆಲ್ಲ ಅಡಗಿ, ಇಡೀ ಕೋಣೆ ಒಂದೇ ಉಸಿರು ಆಡುತ್ತಿದೆ ಅನ್ನಿಸುವ ಒಂದು ಗಳಿಗೆ. ಆಗ ಯಾವುದೋ ಬೆಂಚು ಕಿರ್ರೆನ್ನುತ್ತಿತ್ತು. ಎಂದೂ ಬಾಯಿಬಿಡದ ಹುಡುಗಿ ಎದ್ದು ಬರುತ್ತಿದ್ದುದು ಹೆಚ್ಚಾಗಿ ಆ ಗಳಿಗೆಯಲ್ಲೇ. ಆ ಒಂದು ಸದ್ದಿಗಾಗಿ ಆಕೆ ಇಷ್ಟು ವರ್ಷ ಕೆಲಸ ಮಾಡಿದ್ದಳು.

ಹೀಗಾಗಿ, ಹೆಣ್ಣುಮಕ್ಕಳ ಆ ಕಾಲೇಜಿಗೆ ಗಂಡುಮಕ್ಕಳನ್ನೂ ಸೇರಿಸಿಕೊಳ್ಳುವ ಮಾತು ಸಿಬ್ಬಂದಿ ಸಭೆಗೆ ಬಂದಾಗ ಬೇಡ ಎಂದು ಕೈ ಎತ್ತಿದ್ದು ಆಕೆಯೊಬ್ಬಳೇ. ವರ್ಷದಿಂದ ವರ್ಷಕ್ಕೆ ಬೆಂಚುಗಳು ಖಾಲಿಯಾಗುತ್ತಿದ್ದವು, ಒಂದೆರಡು ವಿಭಾಗಗಳ ಬಾಗಿಲೂ ಮುಚ್ಚಿತ್ತು. ಉಳಿದವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಕಾರಣ ಹೇಳಿ ಮೇಡಂ," ಎಂದರು ಪ್ರಿನ್ಸಿಪಾಲರು.

"ಇಲ್ಲಿ ಒಂದು ಥರದ ಮೌನ ಇದೆ. ಅದು ಹೋಗುತ್ತೆ."

"ಮೌನ ಕಾಯೋಕೆ ಕಾಲೇಜು ಯಾಕೆ ಬೇಕು?" ಎಂದರು ವಾಣಿಜ್ಯದ ಮೇಷ್ಟ್ರು. "ಸ್ಮಶಾನ ಸಾಲದಾ?"

ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಮಾತಿನಲ್ಲಿ ಹೇಳಲಾಗದ್ದನ್ನು ಮಾತಿನಿಂದ ಗೆಲ್ಲುವುದು ಹೇಗೆ?

ಮನೆಗೆ ಬಂದರೆ ಅಲ್ಲಿ ಇನ್ನೊಂದು ಕಾದಿತ್ತು. ಮಗ ಅಡುಗೆಮನೆಯ ಬಾಗಿಲಿಗೊರಗಿ ನಿಂತು ಹೇಳಿದ, "ಅಮ್ಮ, ನಿನ್ನ ಕಾಲೇಜಿಗೇ ಸೇರ್ತೀನಿ. ಗಣಿತಕ್ಕೆ."

"ಊರಲ್ಲಿ ಬೇರೆ ಕಾಲೇಜಿಲ್ವಾ ನಿಂಗೆ?"

"ಇವೆ. ಅಲ್ಲಿ ನೀನಿಲ್ವಲ್ಲ."

ಆ ಮಾತಿಗೆ ಯಾವ ತಾಯಿ ಏನು ಹೇಳಿಯಾಳು? ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬೇಡವೆಂದು ಕೈ ಎತ್ತಿದವಳ ಮನೆಯಿಂದಲೇ ಮೊದಲ ಅರ್ಜಿ ಬಂತೆಂದು ಪ್ರಿನ್ಸಿಪಾಲರು ಸಿಕ್ಕವರಿಗೆಲ್ಲ ಹೇಳಿ ನಗಿಸಿದರು.

ಕಾಲೇಜು ಶುರುವಾದಾಗ ಮೊದಲ ಸಂಭ್ರಮವೆಲ್ಲ ನೆಲಮಾಳಿಗೆಯ ಒಂದು ಶೌಚಾಲಯದ ಸುತ್ತಲೇ ನಡೆಯಿತು. ಅದರ ಬಾಗಿಲ ಮೇಲೆ ಹೊಸ ಬಣ್ಣದಲ್ಲಿ 'ಪುರುಷರು' ಎಂದು ಬರೆಸಿದ್ದರು. ಹುಡುಗಿಯರು ಗುಂಪುಗಟ್ಟಿಕೊಂಡು ಹೋಗಿ ಆ ಪದವನ್ನು ನೋಡಿ ಬರುತ್ತಿದ್ದರು. ಕಾಲೇಜನ್ನು ಗುಡಿಸಿ ಒರೆಸುವ ಆಯಮ್ಮ ಸೊಂಟಕ್ಕೆ ಕೈಕೊಟ್ಟು, "ನೋಡ್ರಮ್ಮ, ನೋಡಿ. ಬಾಗಿಲಿಗೆ ಇಷ್ಟು ಮರ್ಯಾದೆ. ಇನ್ನು ಒಳಗಿರೋರಿಗೆ ಎಷ್ಟೋ!" ಎನ್ನುತ್ತಿದ್ದಳು. ಮೇಡಂ ಮಗನನ್ನು ಅವನು ಎಳೆಗೂಸಾಗಿದ್ದಾಗಿನಿಂದ ಬಲ್ಲವಳು ಅವಳು. ಕಂಡ ಕೂಡಲೇ ಮೊಗಸಾಲೆಯ ಆ ತುದಿಯಿಂದ, "ಏ ಗಿಣೀ, ದೊಡ್ಡೋನಾಗ್ಬಿಟ್ಯಲ್ಲೋ!" ಎಂದು ಕೂಗಿದಳು. ಅಂದಿನಿಂದ ಇಡೀ ಕಾಲೇಜಿಗೆ ಅವನು ಗಿಣಿ.

ಹೆಸರು ಸುಮ್ಮನೆ ಬಂದದ್ದಲ್ಲ. ಮಾತು ಕಲಿತಾಗಿನಿಂದಲೂ ಅರಳು ಹುರಿದಂತೆ ಮಾತು. ಯಾರು ಯಾರನ್ನು ಏನು ಕೇಳಿದರೂ ಉತ್ತರ ಇವನ ಬಾಯಿಂದ ಮೊದಲು ಬರುತ್ತಿತ್ತು.

ವಿದ್ಯಾರ್ಥಿಗಳು ಕಡಿಮೆಯಿದ್ದುದರಿಂದ ಗಣಿತಕ್ಕೆ ಹೊಸಬರನ್ನೂ ಹಿಂದಿನ ವರ್ಷದವರನ್ನೂ ಒಟ್ಟಿಗೇ ಕೂರಿಸಿದ್ದರು. ಮೊದಲ ತರಗತಿಯಲ್ಲಿ ಆಕೆ ಪ್ರಶ್ನೆ ಬರೆದು ಸೀಮೆಸುಣ್ಣ ಇಟ್ಟಳು. ಕಿಟಕಿ ಇನ್ನೂ ದೂರವಿತ್ತು, ಆಗಲೇ ಹಿಂದೆ ಹಲಗೆಯ ಮೇಲೆ ಸರಸರ ಸದ್ದು. ತಿರುಗಿ ನೋಡಿದರೆ ಮಗ. ಉತ್ತರ ಚೊಕ್ಕವಾಗಿತ್ತು. ಸುಳ್ಳು ಯಾಕೆ ಹೇಳಬೇಕು, ಆಕೆಗೆ ಮೊದಲು ಆದದ್ದು ಹೆಮ್ಮೆಯೇ. ಎದೆ ತುಂಬಿ ಬಂತು. ಮಾರನೆಯ ಪ್ರಶ್ನೆಗೂ ಅವನೇ ಬಂದ. ಅದರ ಮಾರನೆಯದಕ್ಕೆ ಅವನ ಜೊತೆ ಇನ್ನೊಬ್ಬ ಹುಡುಗ ಓಡಿಬಂದು, ಸೀಮೆಸುಣ್ಣಕ್ಕೆ ಇಬ್ಬರೂ ಕೈ ಹಾಕಿ, ಅದು ಮುರಿದು, ತರಗತಿ ನಕ್ಕಿತು. ತಿಂಗಳು ತುಂಬುವ ಹೊತ್ತಿಗೆ ಹುಡುಗರದ್ದು ಹಲಗೆ, ಹುಡುಗಿಯರದ್ದು ಬರೆದುಕೊಳ್ಳುವ ಕೆಲಸ ಎಂದು ಯಾರೂ ಹೇಳದೆಯೇ ಪಾಲಾಗಿಹೋಗಿತ್ತು. ಆಕೆ ಕಿಟಕಿ ಮುಟ್ಟುವ ಮೊದಲೇ ಪ್ರಶ್ನೆ ಸತ್ತಿರುತ್ತಿತ್ತು.

ಹುಡುಗಿಯರಲ್ಲಿ ಒಬ್ಬಳಿಗೆ ಅಜ್ಜಿ ಎಂದು ಹೆಸರು. ವಯಸ್ಸು ಇಪ್ಪತ್ತು ದಾಟಿರಲಿಲ್ಲ. ನಡೆಯುವುದು ನಿಧಾನ, ಮಾತಾಡುವುದು ನಿಧಾನ, ಸೆಕೆಯಲ್ಲೂ ಹೆಗಲ ಮೇಲೊಂದು ಶಾಲು. ಅವಳ ಯೋಚನೆಯೂ ನಿಧಾನವೇ. ಆದರೆ ಅದು ಬೇರೆಯವರ ಯೋಚನೆ ಹೋಗದ ಕಡೆ ಹೋಗುತ್ತಿತ್ತು. ಅದನ್ನು ಆಕೆ ಕಳೆದ ವರ್ಷವೇ ಕಂಡುಕೊಂಡಿದ್ದಳು, ಈ ವರ್ಷ ಈ ಹುಡುಗಿ ಅರಳುತ್ತಾಳೆ ಎಂದು ಕಾದಿದ್ದಳು.

ಒಂದು ದಿನ ಪ್ರಶ್ನೆ ಸ್ವಲ್ಪ ಬಿಗಿಯಾಗಿತ್ತು, ಹುಡುಗರು ತಡವರಿಸಿದರು. ಆ ಸಂದಿನಲ್ಲಿ ಅಜ್ಜಿ ಎದ್ದು ಬಂದಳು. ಒಂದು ಸಾಲು ಬರೆದಳು. ನಿಂತಳು. ಇನ್ನರ್ಧ ಸಾಲು ಬರೆದು, ತಲೆ ಓರೆ ಮಾಡಿ ಅದನ್ನೇ ನೋಡುತ್ತ ನಿಂತಳು. ಕಿಟಕಿಯ ಹತ್ತಿರ ಆಕೆಯ ಮೈಯೆಲ್ಲ ಕಿವಿಯಾಗಿತ್ತು.

"ಅಲ್ಲಲ್ಲ, ಅದು ಹಂಗಲ್ಲ," ಎಂದು ಮಗನ ದನಿ ಕೇಳಿತು. ದಡದಡ ಹೆಜ್ಜೆ. ಆಮೇಲೆ ತರಗತಿಯ ಹುಡುಗಿಯರೆಲ್ಲ ಒಟ್ಟಿಗೆ ಉಸಿರು ಎಳೆದುಕೊಂಡ ಸದ್ದು.

ಆಕೆ ತಿರುಗಿದಳು. ಮಗ ಅಂಗೈಯಿಂದ ಅಜ್ಜಿಯ ಸಾಲನ್ನು ಒರೆಸಿಬಿಟ್ಟಿದ್ದ. ಆ ಜಾಗದಲ್ಲಿ ಬಿಳಿ ಪುಡಿ ಹರಡಿತ್ತು, ಅದರ ಮೇಲೆ ಅವನ ಸರಿಯಾದ ಉತ್ತರ ಓಡುತ್ತಿತ್ತು.

ಆ ತರಗತಿಯಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಒರೆಸುತ್ತಿರಲಿಲ್ಲ. ತಪ್ಪೆಂದು ಕಂಡರೆ ಪಕ್ಕದಲ್ಲಿ ಬೇರೆ ದಾರಿ ಹಿಡಿದು ಬರೆಯಬೇಕು. ತಪ್ಪಿದ ಸಾಲು ಗಂಟೆ ಹೊಡೆಯುವವರೆಗೆ ಹಲಗೆಯ ಮೇಲೆ ಮರ್ಯಾದೆಯಿಂದ ಇರಬೇಕು. ಎಷ್ಟೋ ಸಲ ಆ ತಪ್ಪಿದ ಸಾಲೇ ಕೊನೆಗೆ ಕೈ ಹಿಡಿದದ್ದುಂಟು. ಈ ಕ್ರಮವನ್ನು ಯಾರೂ ಎಂದೂ ಮುರಿದಿರಲಿಲ್ಲ.

ಅಜ್ಜಿ ಸೀಮೆಸುಣ್ಣದ ಬೆರಳನ್ನು ಶಾಲಿಗೆ ಒರೆಸಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು. ಎಲ್ಲರೂ ಕಿಟಕಿಯ ಕಡೆ ನೋಡಿದರು. ಬೇರೆ ಯಾರೇ ಆಗಿದ್ದರೂ ಆಕೆ ಒಂದು ಮಾತು ಹೇಳುತ್ತಿದ್ದಳು. ಈಗ ಗದರಿದರೆ ತಾಯಿ ಗದರಿದ ಹಾಗೆ, ಬಿಟ್ಟರೆ ತಾಯಿ ಬಿಟ್ಟ ಹಾಗೆ. ಎತ್ತ ಹೋದರೂ ತಾಯಿಯೇ ಅಡ್ಡ ನಿಂತಳು. ಆಕೆ ಮತ್ತೆ ಕಿಟಕಿಗೆ ತಿರುಗಿಕೊಂಡಳು. ಗಂಟೆ ಹೊಡೆಯಿತು.

ಅದಾದ ಮೇಲೆ ಹುಡುಗರೇ ಸುಮ್ಮನಿದ್ದ ದಿನವೂ ಹುಡುಗಿಯರ ಕಡೆಯಿಂದ ಒಂದು ಬೆಂಚೂ ಅಲ್ಲಾಡಲಿಲ್ಲ. ಅವರು ಬರುತ್ತಿದ್ದರು, ಕೂರುತ್ತಿದ್ದರು, ಹೋಗುತ್ತಿದ್ದರು. ಆಕೆ ಬೆನ್ನು ಮಾಡಿ ನಿಂತು ಕಿವಿಗೊಟ್ಟರೆ ಆ ಮೌನ ಹದಕ್ಕೇ ಬರುತ್ತಿರಲಿಲ್ಲ. ಹಸಿಯಾಗಿಯೇ ಇರುತ್ತಿತ್ತು, ಬೀಗ ಹಾಕಿದ ಮನೆಯ ಹಾಗೆ.

ಒಂದು ಮಧ್ಯಾಹ್ನ ವಾರ್ಡನ್ನನ್ನು ಹುಡುಕಿಕೊಂಡು ಹಾಸ್ಟೆಲಿನ ಹಿಂಭಾಗಕ್ಕೆ ಹೋದವಳು ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ನಿಂತುಬಿಟ್ಟಳು. ಒದ್ದೆ ಬಟ್ಟೆಗಳ ಸಾಲಿನ ಕೆಳಗೆ, ಕಲ್ಲುಚಪ್ಪಡಿಯ ಮೇಲೆ, ಉದ್ದಕ್ಕೂ ಸೀಮೆಸುಣ್ಣದ ಬರಹ. ಅಂದು ಬೆಳಿಗ್ಗೆ ತಾನು ಕೊಟ್ಟ ಪ್ರಶ್ನೆ. ಮೂರು ನಾಲ್ಕು ಕೈಬರಹ. ಒಂದು ಕಡೆ ದಾರಿ ತಪ್ಪಿ ನಿಂತ ಸಾಲು, ಅದನ್ನು ಬಳಸಿಕೊಂಡು ಹೋದ ಇನ್ನೊಂದು. ಯಾವುದನ್ನೂ ಒರೆಸಿರಲಿಲ್ಲ. ಮೇಲಿನ ಬಟ್ಟೆಗಳಿಂದ ತೊಟ್ಟಿಕ್ಕಿದ ನೀರು ಮಾತ್ರ ಅಲ್ಲಲ್ಲಿ ಅಳಿಸಿತ್ತು.

ತನ್ನ ತರಗತಿ ಇಲ್ಲಿದೆ. ತನ್ನನ್ನು ಬಿಟ್ಟು ನಡೆಯುತ್ತಿದೆ. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಆಕೆ ಬಗ್ಗಿ ಓದುತ್ತಿರುವಾಗ ಬಕೆಟ್ಟು ಹಿಡಿದು ಅಜ್ಜಿ ಬಂದಳು.

"ಇಲ್ಲಿ ಮಾಡ್ತಿದ್ದೀರಾ?"

"ಹೂಂ ಮೇಡಂ." ಅಜ್ಜಿ ಬಕೆಟ್ಟು ಇಳಿಸಿದಳು. "ಕ್ಲಾಸಿಗೂ ಬರ್ತೀವಲ್ಲ. ಹಾಜರಿಗೆ."

ಮಾತು ಚುಚ್ಚಲೆಂದು ಆಡಿದ್ದಲ್ಲ. ಅದಕ್ಕೇ ಆಳಕ್ಕೆ ಹೋಯಿತು.

"ಒರೆಸ್ಬಾರ್ದು ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?" ಆಕೆ ಕೇಳಿದಳು. ಕೇಳಿದ ಮೇಲೆಯೇ ಆಕೆಗೂ ಹೊಳೆದದ್ದು, ಹೇಳಿದ ನೆನಪೇ ಇಲ್ಲ.

ಅಜ್ಜಿ ತನ್ನ ರೀತಿಯಲ್ಲಿ ಹೊತ್ತು ತೆಗೆದುಕೊಂಡು ಯೋಚಿಸಿದಳು. "ಇಲ್ಲ ಮೇಡಂ. ಸೇರಿದ ಹೊಸದರಲ್ಲಿ ಸೀನಿಯರ್ ಅಕ್ಕಂದಿರು ಇಲ್ಲೇ ಹೇಳ್ಕೊಟ್ರು. ನಲ್ಲೀಲಿ ನೀರು ಯಾವಾಗ ಬರುತ್ತೆ, ಯಾವ ಹಗ್ಗ ಯಾರದ್ದು, ಕಿಟಕಿ ಮೇಡಂ ಕ್ಲಾಸಲ್ಲಿ ಯಾರ ಸಾಲನ್ನೂ ಒರೆಸ್ಬಾರ್ದು, ಎಲ್ಲಾ ಒಟ್ಟಿಗೆ." ಹೆಸರು ಬಾಯಿತಪ್ಪಿ ಬಂದದ್ದಕ್ಕೆ ನಾಲಿಗೆ ಕಚ್ಚಿಕೊಂಡಳು.

"ಹುಡುಗರಿಗೆ ಯಾರು ಹೇಳ್ತಾರೆ?"

"ಅವರು ಇಲ್ಲಿಗೆ ಬಟ್ಟೆ ಒಗೆಯೋಕೆ ಬರಲ್ವಲ್ಲ ಮೇಡಂ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅಜ್ಜಿ ನಿಧಾನಕ್ಕೆ ಅಂದಳು, "ನಿಮ್ಮ ಮಗ ಕೆಟ್ಟೋನಲ್ಲ. ಆ ಸಾಲಿನ ಅರ್ಧದಲ್ಲಿ ನಂಗೇನೋ ಕಾಣ್ತಿತ್ತು, ಅಷ್ಟೇ. ಇನ್ನೊಂದ್ಸಲ ಕಾಣ್ಲಿಲ್ಲ."

ಸಂಜೆ ಮನೆಯಲ್ಲಿ ಒಣಗಿದ ಬಟ್ಟೆ ಮಡಚುತ್ತ ಆಕೆ ಮಗನನ್ನು ಕರೆದಳು. ಅವನು ಬಂದು ಎದುರಿಗೆ ಕೂತು, ರೂಢಿಯಂತೆ ಹಾಸಿಗೆ ಹೊದಿಕೆಯ ಎರಡು ತುದಿ ಹಿಡಿದ.

"ನಾನು ಪ್ರಶ್ನೆ ಬರೆದ ತಕ್ಷಣ ಓಡಿ ಬರ್ತೀಯಲ್ಲ, ಯಾಕೆ?"

"ಗೊತ್ತಿರುತ್ತೆ, ಬರ್ತೀನಿ."

"ಗೊತ್ತಿಲ್ದೇ ಇದ್ದಾಗ್ಲೂ ಬರ್ತೀಯ. ಬರೀತಾ ಬರೀತಾ ಹುಡುಕ್ತೀಯ. ನಂಗೆ ಕಾಣಲ್ವಾ?"

ಅವನು ಹೊದಿಕೆಯ ತುದಿಯನ್ನು ಸರಿಮಾಡಿದ. ಆಕೆ ಕಾದಳು, ಕಾಯುವುದು ಆಕೆಗೆ ಬರುತ್ತಿದ್ದ ವಿದ್ಯೆ.

"ನೀನು ಕೇಳ್ತೀಯ," ಎಂದ ಕೊನೆಗೆ. "ಕೇಳಿ ಅಲ್ಲಿ ಹೋಗಿ ನಿಂತ್ಕೋತೀಯ. ಅಷ್ಟು ಜನ ಇದ್ರೂ ಒಬ್ರೂ ಮಾತಾಡಲ್ಲ. ನಂಗೆ... ನಂಗೆ ಊಟದ ಮೇಜು ನೆನಪಾಗುತ್ತಮ್ಮ."

ಆಕೆಯ ಕೈ ನಿಂತಿತು. ಅವನ ತಂದೆ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದರು. ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹೊಡೆದವರಲ್ಲ, ಬೈದವರಲ್ಲ. ಮನಸ್ಸಿಗೆ ಏನಾದರೂ ಹಿಡಿಸದಿದ್ದರೆ ಮಾತು ಬಿಡುತ್ತಿದ್ದರು. ವಾರ, ಎರಡು ವಾರ. ಇನ್ನೂ ಸ್ವಲ್ಪ ಬಡಿಸಲಾ ಎಂದು ಕೇಳಿದರೆ ಗೋಡೆಗೆ ಕೇಳಿದ ಹಾಗೆ. ಆಗ ಕುರ್ಚಿಯ ಮೇಲೆ ದಿಂಬು ಹಾಕಿಸಿಕೊಂಡು ಕೂತಿದ್ದ ಪುಟ್ಟ ಹುಡುಗ ಅನ್ನುತ್ತಿದ್ದ, "ಅಪ್ಪಂಗೆ ಸಾಕಂತೆ." ನಾಳೆ ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಆಕೆ ಕೇಳಿದರೆ, "ಅಪ್ಪ ಬೇಗ ಹೋಗ್ತಾರಂತೆ." ಆಕೆ ನಗುತ್ತಿದ್ದಳು. ಅಕ್ಕಪಕ್ಕದವರು ಗಿಣಿ ಎಂದು ಕರೆದರು. ಚೂಟಿ ಹುಡುಗ ಎಂದು ಬೆನ್ನು ತಟ್ಟಿ, ಆಕೆ ಅವನಿಗೆ ಒಂದರ ಮೇಲೊಂದು ಪ್ರಶ್ನೆ ಕೇಳುತ್ತ, ಪಟ್ಟೆಂದು ಬಂದ ಉತ್ತರಕ್ಕೆಲ್ಲ ಮುತ್ತು ಕೊಡುತ್ತ ಬೆಳೆಸಿದ್ದಳು. ಊರ ಮಕ್ಕಳಿಗೆಲ್ಲ ಕಾಯುವುದನ್ನು ಕಲಿಸಿದ್ದಳು. ದೀಪದ ಬುಡದಲ್ಲಿ ಕತ್ತಲೆ.

ಆ ಪುಟ್ಟ ಹುಡುಗ ಇಷ್ಟು ವರ್ಷ ಉತ್ತರ ಹೇಳುತ್ತಿದ್ದುದು ಅಮ್ಮನ ಮಾತು ಬರಿಗೈಯಲ್ಲಿ ಹಿಂದಿರುಗದಿರಲಿ ಎಂದು.

"ಅದು ಬೇರೆ ಕಣೋ," ಎಂದಳು. "ಅಪ್ಪ ಬಾಗಿಲು ಹಾಕ್ಕೋತಿದ್ರು. ನಾನು ತೆಗೆದಿಟ್ಟು ಆಚೆ ನಿಂತಿರ್ತೀನಿ."

"ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತಮ್ಮ."

ಹೌದಲ್ಲ, ಅನ್ನಿಸಿತು ಆಕೆಗೆ.

ಒರೆಸಬಾರದೆಂಬ ಕ್ರಮವನ್ನು ಆಮೇಲೆ ಹೇಳಿದಳು. ಅವನ ಕಿವಿ ಕೆಂಪಾಯಿತು. "ಮೊದಲೇ ಹೇಳಿದ್ರೆ ಒರೆಸ್ತಿದ್ನಾ? ಅಲ್ಲಿ ಎಲ್ರೂ ನನ್ನ ಕಳ್ಳನ್ನ ನೋಡೋ ಹಂಗೆ ನೋಡಿದ್ರು. ಯಾಕೆ ಅಂತ್ಲೂ ಗೊತ್ತಾಗ್ಲಿಲ್ಲ."

"ಹೇಳ್ಬೇಕಾಗುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ."

ಮಾರನೆಯ ದಿನ ಅವನು ಅಜ್ಜಿಯ ಹತ್ತಿರ ಹೋಗಿ ತಪ್ಪಾಯಿತು ಎಂದನಂತೆ. ಅವಳು, "ಕ್ಷಮೆ ಬೇಡ. ಆ ಸಾಲಲ್ಲಿ ಏನಿತ್ತು, ಹೇಳು," ಎಂದಳಂತೆ. ಅವನಿಗೆ ನೆನಪಿರಲಿಲ್ಲ. ಓದಿಯೇ ಇರಲಿಲ್ಲ. ಅದನ್ನು ಮನೆಗೆ ಬಂದು ಹೇಳುವಾಗ ಅವನ ಮುಖ ಅಷ್ಟು ಸಣ್ಣಗಾಗಿತ್ತು.

ಮುಂದಿನ ತರಗತಿಯಲ್ಲಿ ಆಕೆ ತನ್ನ ಕ್ರಮವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಳು: ಯಾರು ಬೇಕಾದರೂ ಬರಬಹುದು, ಅರ್ಧಕ್ಕೆ ಬಿಡಬಹುದು, ಯಾರ ಸಾಲನ್ನೂ ಒರೆಸುವಂತಿಲ್ಲ, ಮೊದಲು ಬಂದವರ ಸಾಲಿನಿಂದಲೇ ಮುಂದುವರಿಯಬೇಕು ಇಲ್ಲವೇ ಪಕ್ಕದಲ್ಲಿ ಬರೆಯಬೇಕು. ಹೇಳುವಾಗ ಅದು ಬರೀ ಸೂಚನಾ ಫಲಕದ ಹಾಗೆ ಕೇಳಿಸಿ ಆಕೆಗೇ ಬೇಸರವಾಯಿತು. ಪ್ರಶ್ನೆ ಬರೆದು ಕಿಟಕಿಗೆ ಹೋದಳು. ಮಗ ಏಳಲಿಲ್ಲ. ಅವನನ್ನು ನೋಡಿ ಉಳಿದ ಹುಡುಗರೂ ಏಳಲಿಲ್ಲ. ಹುಡುಗಿಯರು ನಂಬಲಿಲ್ಲ. ಗಂಟೆ ಹೊಡೆಯುವವರೆಗೆ ಹಲಗೆಯ ಮೇಲೆ ಒಂದು ಚುಕ್ಕೆಯೂ ಬೀಳಲಿಲ್ಲ. ಅದರ ಮುಂದಿನ ತರಗತಿಯೂ ಹಾಗೆಯೇ.

"ನಿಮ್ಮ ಮೌನ ವಾಪಸ್ ಬಂತಂತಲ್ಲ ಮೇಡಂ," ಎಂದರು ವಾಣಿಜ್ಯದ ಮೇಷ್ಟ್ರು. "ಅಭಿನಂದನೆ."

ಇನ್ನೂ ಒಂದು ಸಲ ನೋಡುತ್ತೇನೆ, ಆಗದಿದ್ದರೆ ಎಲ್ಲರ ಹಾಗೆ ನಿಂತು ಪಾಠ ಹೇಳುತ್ತೇನೆ ಎಂದುಕೊಂಡು ಆಕೆ ಅಂದು ತರಗತಿಗೆ ಹೋದಳು. ಹಲಗೆಯ ಮೇಲೆ ಒಂದು ಗೆರೆ ಎಳೆದು ಹೊಳೆ ಎಂದು ಬರೆದಳು. ಅದರ ಒಂದೇ ದಡದಲ್ಲಿ, ದೂರ ದೂರಕ್ಕೆ, ಎರಡು ಮನೆ. ಮೊದಲ ಮನೆಯಿಂದ ಹೊರಟು, ಹೊಳೆಗೆ ಹೋಗಿ ಕೊಡ ತುಂಬಿಸಿಕೊಂಡು, ಎರಡನೆಯ ಮನೆಗೆ ತಲುಪಬೇಕು. ಎಲ್ಲಕ್ಕಿಂತ ಕಡಿಮೆ ನಡೆಯಬೇಕಾದರೆ ಹೊಳೆಯನ್ನು ಮುಟ್ಟಬೇಕಾದದ್ದು ಎಲ್ಲಿ?

ಕಿಟಕಿಯ ಹೊರಗೆ ಆಯಮ್ಮ ಅಂಗಳ ಗುಡಿಸುತ್ತಿದ್ದಳು. ಹಿಂದೆ ಕೆಮ್ಮು, ಕಾಲಿನ ಸದ್ದು. ಗಾಜಿನಲ್ಲಿ ಮಗನ ನೆರಳು ಕಾಣುತ್ತಿತ್ತು. ಎರಡೂ ಕೈಯಿಂದ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದ. ಹೊತ್ತು ಹೋಯಿತು. ಕೆಮ್ಮು ನಿಂತಿತು. ಹೊರಗಿನ ಪೊರಕೆಯ ಸದ್ದು ಮಾತ್ರ ಉಳಿಯಿತು, ಆಮೇಲೆ ಅದೂ ನಿಂತಿತು.

ಬೆಂಚು ಕಿರ್ರೆಂದಿತು.

ಅಜ್ಜಿ ಬಂದು ಸೀಮೆಸುಣ್ಣ ಎತ್ತಿಕೊಂಡಳು. ಹೊಳೆಯ ಆಚೆ ದಡದಲ್ಲಿ, ಎರಡನೆಯ ಮನೆಗೆ ನೇರ ಎದುರಾಗಿ, ಅಷ್ಟೇ ದೂರಕ್ಕೆ ಇನ್ನೊಂದು ಮನೆ ಬರೆದಳು. ಅಷ್ಟೇ. ಸೀಮೆಸುಣ್ಣ ಇಟ್ಟು ಸ್ವಲ್ಪ ಪಕ್ಕಕ್ಕೆ ಸರಿದು ನಿಂತಳು.

ಈ ಸಲ ಎದ್ದು ಬಂದದ್ದು ಮಗ. ಆಕೆ ಗಾಜಿನಲ್ಲಿ ನೋಡಿದಳು. ಓಡಲಿಲ್ಲ, ನಡೆದು ಬಂದ. ಸೀಮೆಸುಣ್ಣ ತೆಗೆದುಕೊಂಡು ಆ ಮೂರನೆಯ ಮನೆಯ ಎದುರು ನಿಂತ. ನಿಂತೇ ಇದ್ದ.

"ನಾಟಕ ಬೇಡ," ಎಂದಳು ಅಜ್ಜಿ ತಗ್ಗಿದ ದನಿಯಲ್ಲಿ. "ಗೊತ್ತಿದ್ರೆ ಬರಿ. ನಂಗೆ ದಾನ ಕೊಡೋಕೆ ಬಂದಿದ್ದೀಯಾ?"

"ಇಲ್ಲ," ಎಂದ. "ಸಮೀಕರಣ ಹಾಕಿ ಮಾಡೋದು ಗೊತ್ತು. ಪಕ್ಕದಲ್ಲಿ ಬರೀಬಹುದು. ಆದ್ರೆ ಈ ಮನೆ ಯಾಕೆ ಬಂತು ಅಂತ..." ತಡೆದು, "ಗೊತ್ತಿಲ್ಲ," ಎಂದ.

ಅವನ ಬಾಯಿಂದ ಆ ಪದವನ್ನು ಆಕೆ ಕೇಳಿದ್ದೇ ಇಲ್ಲ. ಯಾರೋ ಕಿಸಕ್ಕೆಂದರು.

"ನಂಗೂ ಪೂರ್ತಿ ಗೊತ್ತಿಲ್ಲ," ಎಂದಳು ಅಜ್ಜಿ. "ಆದ್ರೆ ಅಲ್ಲಿ ಒಂದು ಮನೆ ಬೇಕು ಅನ್ಸುತ್ತೆ."

"ಹಂಗಾದ್ರೆ ಇರ್ಲಿ. ನೋಡೋಣ."

ಇಬ್ಬರೂ ಹಲಗೆಯನ್ನು ನೋಡುತ್ತ ನಿಂತರು. ಅಜ್ಜಿ ಬೆಂಚುಗಳ ಕಡೆ ತಿರುಗಿ, "ಯಾರಿಗಾದ್ರೂ ಏನಾದ್ರೂ ಕಂಡ್ರೆ ಬನ್ರೇ," ಎಂದಳು. ಒಂದು ಗಳಿಗೆ ಬಿಟ್ಟು, "ಬನ್ರೋ, ನೀವೂನು," ಎಂದಳು. ನಗು ಎದ್ದು ಅಡಗಿತು.

ಕಿಟಕಿಯ ಹತ್ತಿರ ಆಕೆಗೆ ಒಂದೇ ಒಂದು ಪದ ನಾಲಿಗೆಯ ತುದಿಯಲ್ಲಿತ್ತು. ಕನ್ನಡಿ. ಹೊಳೆಯನ್ನು ಕನ್ನಡಿ ಎಂದುಕೊಂಡರೆ ಆಚೆ ದಡದ್ದು ಈ ಮನೆಯ ಬಿಂಬ. ಮೊದಲ ಮನೆಯಿಂದ ಅಲ್ಲಿಗೆ ಒಂದು ನೇರ ಗೆರೆ ಎಳೆದರೆ ಮುಗಿಯಿತು, ಅದು ಹೊಳೆಯನ್ನು ದಾಟುವ ಜಾಗವೇ ಉತ್ತರ. ಇಷ್ಟು ವರ್ಷ ಎಷ್ಟೋ ಮಕ್ಕಳು ಹಲಗೆಯ ಮುಂದೆ ಹೀಗೆ ಬರಿಗೈಯಲ್ಲಿ ನಿಂತಿದ್ದರು, ಆಕೆಯ ಮನಸ್ಸು ಒಮ್ಮೆಯೂ ಅಲ್ಲಾಡಿರಲಿಲ್ಲ. ಇಂದು ಅಲ್ಲಿ ನಿಂತವನ ಕತ್ತಿನ ಹಿಂಭಾಗ ಕೆಂಪಾಗಿತ್ತು, ಅದು ಅವನು ಮೂರು ವರ್ಷದವನಿದ್ದಾಗಲೂ ಹಾಗೇ ಕೆಂಪಾಗುತ್ತಿತ್ತು. ಒಂದು ಪದ. ಅವನು ತನಗಾಗಿ ಎಷ್ಟು ಸಲ ಹೇಳಿಲ್ಲ?

ಆಕೆ ಬಾಯಿ ತೆರೆದಳು. ಆಮೇಲೆ ತುಟಿ ಬಿಗಿಹಿಡಿದು ಪದವನ್ನು ನುಂಗಿಕೊಂಡಳು. ಹಿಂದೆ ಕೋಣೆ ಮೆಲ್ಲಗೆ ಹದಕ್ಕೆ ಬರುತ್ತಿತ್ತು. ಹುಡುಗರದ್ದೂ ಹುಡುಗಿಯರದ್ದೂ ಉಸಿರು ಬೇರೆ ಮಾಡಿ ಕೇಳಲು ಆಗುತ್ತಿರಲಿಲ್ಲ.